ಎಸಿ ಹಿಂದೆ, ಕಿಟಕಿ ಮೇಲೆ, ಪೈಪಿನೊಳಗೆ: ನಿಮ್ಮ ಕಟ್ಟಡದಲ್ಲಿ ಹಕ್ಕಿ ಗೂಡು ಕಟ್ಟಿದರೆ ಏನು ಮಾಡಬೇಕು?

ಮೊದಲು ಪೊರಕೆ ಕೆಳಗಿಡಿ.

ಗೂಡು ಕಂಡ ತಕ್ಷಣ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ಗುಡಿಸಿ ಬಿಸಾಕುತ್ತಾರೆ, ಇಲ್ಲಾಂದ್ರೆ ಪ್ರೀತಿ ಉಕ್ಕಿ ಗಳಿಗೆಗೊಂದು ಸಲ ಇಣುಕಿ, ಫೋಟೋ ತೆಗೆದು, ಪಕ್ಕದಲ್ಲೇ ಕಾಳು ಸುರಿದು, ಆ ಹಕ್ಕಿಗೆ ಒಂದು ನಿಮಿಷವೂ ನೆಮ್ಮದಿಯಾಗಿ ಕೂರಲು ಬಿಡುವುದಿಲ್ಲ. ಎರಡೂ ಬೇಡ. ಗೂಡು ಯಾವ ಹಕ್ಕಿಯದು, ಅದು ಯಾವ ಹಂತದಲ್ಲಿದೆ ಅಂತ ತಿಳಿದರೆ ಮುಂದಿನ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ. ಇದೆಲ್ಲ ಸಮಯದ ಲೆಕ್ಕ. ಮೊಟ್ಟೆ ಬೀಳುವ ಮುಂಚೆ ಮತ್ತು ಮರಿ ಹಾರಿಹೋದ ಮೇಲೆ ಜಾಗ ನಿಮ್ಮದು. ನಡುವಿನ ಕೆಲವು ವಾರ ಹಕ್ಕಿಯದು. ಬಲೆ ಹಾಕಬೇಕಾ, ಹಲಗೆ ಹೊಡೆಯಬೇಕಾ, ಪೇಂಟ್ ಮಾಡಿಸಬೇಕಾ, ಏನೇ ಇದ್ದರೂ ಈ ಲೆಕ್ಕ ಇಟ್ಟುಕೊಂಡು ಮಾಡಿ.

ಇಲ್ಲೇ ಯಾಕೆ ಬಂತು?

ಕಟ್ಟಡ ನಮಗೆ ಕಟ್ಟಡ, ಹಕ್ಕಿಗೆ ಬಂಡೆ. ಪೇಟೆಯ ಪಾರಿವಾಳದ ಪೂರ್ವಜರು ಕಡಲ ತೀರದ ಬಂಡೆಗಳಲ್ಲಿ, ಗುಹೆಗಳಲ್ಲಿ ಗೂಡು ಮಾಡುತ್ತಿದ್ದವು. ಅದಕ್ಕೆ ಬೇಕಾದದ್ದು ನೆರಳಿರುವ, ಸಪಾಟಾದ, ಮೇಲೆ ಸ್ವಲ್ಪ ಮುಚ್ಚಿಗೆ ಇರುವ ಕಟ್ಟೆ. ಎಸಿ ಯೂನಿಟ್ಟಿನ ಹಿಂದಿನ ಸಂದಿ ಅಂದರೆ ಅದಕ್ಕೆ ಅದೇ. ಪೆರೆಗ್ರಿನ್ ಫಾಲ್ಕನ್ ಅನ್ನುವ ಬೇಟೆಗಾರ ಹಕ್ಕಿ ಕಡ್ಡಿ ತಂದು ಗೂಡೇ ಕಟ್ಟುವುದಿಲ್ಲ, ಬಂಡೆಯ ಮೇಲಿನ ಜಲ್ಲಿಯನ್ನು ಎದೆಯಿಂದ ಒತ್ತಿ ಗುಳಿ ಮಾಡಿ ಮೊಟ್ಟೆ ಇಡುತ್ತದೆ, ಅದಕ್ಕೇ ಎಷ್ಟೋ ನಗರಗಳಲ್ಲಿ ಎತ್ತರದ ಕಟ್ಟಡಗಳ ಮೇಲೆ ಜಲ್ಲಿ ತುಂಬಿದ ತಟ್ಟೆ ಇಟ್ಟರೆ ಸಾಕು, ಬಂದು ನೆಲೆಸುತ್ತದೆ. ಗುಬ್ಬಿಗೆ, ಮೈನಾಗೆ ತೂತು ಬೇಕು. ಬಾನಾಡಿಗೆ (ಇಂಗ್ಲಿಷಿನಲ್ಲಿ ಸ್ವಿಫ್ಟ್) ಎತ್ತರದಲ್ಲಿ ಕಿರಿದಾದ ಸಂದಿ ಬೇಕು. ಅಂಬರಗುಬ್ಬಿಗೆ (ಸ್ವಾಲೋ) ಒರಟಾದ ಗೋಡೆ, ಮೇಲೊಂದು ಸೂರು, ಹತ್ತಿರದಲ್ಲಿ ಒದ್ದೆ ಮಣ್ಣು ಬೇಕು. ಕಾಗೆಗೂ ಹದ್ದಿಗೂ ಎತ್ತರದ ಕವಲು ಸಿಕ್ಕರೆ ಆಯಿತು, ಅದು ಮರದ್ದೋ ಮೊಬೈಲ್ ಟವರಿನದೋ ಅಂತ ನೋಡುವುದಿಲ್ಲ.

ಇದನ್ನು ಸುಮ್ನೆ ಕಥೆಗೆ ಹೇಳುತ್ತಿಲ್ಲ. ಒಂದು ಜಾಗದ ಯಾವ ಗುಣ ಹಕ್ಕಿಗೆ ಇಷ್ಟವಾಯಿತು ಅಂತ ಗೊತ್ತಾದರೆ, ಆ ಒಂದು ಗುಣ ತೆಗೆದರೆ ಸಾಕು, ಅದು ಮತ್ತೆ ಅಲ್ಲಿಗೆ ಬರುವುದಿಲ್ಲ.

ಯಾರ ಗೂಡು, ಎಷ್ಟು ದಿನ

ನಾಲ್ಕು ಕಡ್ಡಿ ಬಿಸಾಕಿದ ಹಾಗಿದ್ದು, ಸುತ್ತ ಹಿಕ್ಕೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದು ಪಾರಿವಾಳದ್ದು. ಬಿಳಿ ಮೊಟ್ಟೆ ಎರಡು ಇರುತ್ತವೆ. ಸುಮಾರು 18 ದಿನ ಕಾವು, ಆಮೇಲೆ ಮರಿ ಹಾರಲು ನಾಲ್ಕೈದು ವಾರ. ಒಟ್ಟು ಏಳು ವಾರ ಅಂತಿಟ್ಟುಕೊಳ್ಳಿ. ಬೆಳವದ ಗೂಡೂ ಹೆಚ್ಚುಕಡಿಮೆ ಹೀಗೇ ಜಾಳುಜಾಳು, ಆದರೆ ಚಿಕ್ಕದು. ಕಾವು ಎರಡು ವಾರ, ಮರಿಗೆ ಇನ್ನೆರಡು ವಾರ.

ತೂತಿನಿಂದ ಹುಲ್ಲು, ದಾರ, ಗರಿ ಹೊರಗೆ ಇಣುಕುತ್ತಿದ್ದರೆ ಗುಬ್ಬಿ ಇರಬಹುದು. ಕಾವು 11ರಿಂದ 14 ದಿನ, ಮರಿ ಗೂಡು ಬಿಡಲು ಮತ್ತೆ ಎರಡು ವಾರ. ಎಕ್ಸಾಸ್ಟ್ ಫ್ಯಾನಿನ ತೂತಲ್ಲಿ ಕಸದ ರಾಶಿಯೇ ಇದ್ದು ಗಲಾಟೆ ಜಾಸ್ತಿ ಇದ್ದರೆ ಮೈನಾ. ನೇತುಹಾಕಿದ ಕುಂಡದಲ್ಲಿ ಅಥವಾ ದೀಪದ ಮೇಲೆ ಅಚ್ಚುಕಟ್ಟಾದ ಬಟ್ಟಲು ಇದ್ದರೆ ಬುಲ್‌ಬುಲ್, ಅದರದ್ದು ಪೂರ್ತಿ ಸಂಸಾರ ಒಂದು ತಿಂಗಳೊಳಗೆ ಮುಗಿಯುತ್ತದೆ. ವೈರಿಗೆ ಜೋತುಬಿದ್ದ, ಜೇಡರ ಬಲೆಯಿಂದ ನೇಯ್ದ ಸಣ್ಣ ಚೀಲ ಸೂರಕ್ಕಿಯದು.

ಸೂರಿನ ಕೆಳಗೆ ಮಣ್ಣಿನ ಉಂಡೆಗಳನ್ನು ಅಂಟಿಸಿ ಮಾಡಿದ ಬಟ್ಟಲು ಅಂಬರಗುಬ್ಬಿಯದು. ಗರಿ, ಹುಲ್ಲನ್ನೆಲ್ಲ ಎಂಜಲಿನಿಂದ ಅಂಟಿಸಿ ಮುದ್ದೆ ಮಾಡಿದ್ದರೆ ಬಾನಾಡಿ. ಬಾನಾಡಿಯ ವಿಷಯದಲ್ಲಿ ತಾಳ್ಮೆ ಬೇಕು, ಕಾವಿಗೆ ಮೂರು ವಾರ, ಮರಿ ಹಾರಲು ಸುಮಾರು ಆರು ವಾರ. ಇನ್ನೂ ಜಾಸ್ತಿ ತಾಳ್ಮೆ ಬೇಕಾದದ್ದು ಕಣಜಗೂಬೆಗೆ. ಕಾವು ಒಂದು ತಿಂಗಳು, ಮರಿ ಹಾರಲು ಎರಡು ತಿಂಗಳು. ರಾತ್ರಿ ಬುಸುಗುಡುವ ಸದ್ದು ಕೇಳಿದರೆ ಹಾವು ಅಂತ ಹೆದರಬೇಡಿ, ಗೂಬೆ ಮರಿಗಳು ಊಟ ಕೇಳುವುದೇ ಹಾಗೆ. ಮತ್ತೊಂದು ಮಾತು, ಗೂಬೆ ಇರುವ ಕಡೆ ಇಲಿ ಪಾಷಾಣ ಇಡಬೇಡಿ. ವಿಷ ತಿಂದ ಇಲಿಯನ್ನು ಮರಿಗೆ ತಿನ್ನಿಸಿದರೆ ಮರಿಯೂ ಸಾಯುತ್ತದೆ.

ಈ ದಿನಗಳೆಲ್ಲ ಅಂದಾಜು. ಚಳಿ, ಮಳೆ, ಊಟದ ಅಭಾವ ಇದ್ದರೆ ಹಿಂದುಮುಂದಾಗುತ್ತವೆ. ಗೂಡು ಕಂಡ ದಿನ ಒಂದು ಕಾಗದದಲ್ಲಿ ತಾರೀಖು ಬರೆದು ಹತ್ತಿರದಲ್ಲೇ ಅಂಟಿಸಿ. ಮನೆಯವರಿಗೆಲ್ಲ ಒಂದು ಕೊನೆಯ ದಿನ ಕಂಡರೆ ಗೊಣಗಾಟ ಕಡಿಮೆ ಆಗುತ್ತದೆ.

ಮೊಟ್ಟೆ ಬೀಳುವ ಮುಂಚೆ

ಇದೊಂದೇ ನಿಮಗೆ ಸುಲಭದ ಸಮಯ. ಹಕ್ಕಿ ಒಂದೆರಡು ದಿನದಿಂದ ಕಡ್ಡಿ ತರುತ್ತಿದೆ, ಮೊಟ್ಟೆ ಇನ್ನೂ ಇಲ್ಲ ಅಂತ ಖಚಿತವಾಗಿ ಗೊತ್ತಿದ್ದರೆ ಕಡ್ಡಿ ತೆಗೆದು ಆ ಜಾಗವನ್ನು ಅವತ್ತೇ ಮುಚ್ಚಿ. "ಅವತ್ತೇ" ಅನ್ನೋದು ಮುಖ್ಯ. ಕಡ್ಡಿ ಮಾತ್ರ ತೆಗೆದು ಜಾಗ ಹಾಗೇ ಬಿಟ್ಟರೆ ಸಂಜೆಯೊಳಗೆ ಮತ್ತೆ ಅಷ್ಟೇ ಕಡ್ಡಿ ಬಂದಿರುತ್ತದೆ, ಅದರಲ್ಲೂ ಪಾರಿವಾಳದ ಹಟದ ಮುಂದೆ ನಮ್ಮ ಹಟ ನಡೆಯುವುದಿಲ್ಲ.

ಕಾನೂನು ಗಮನದಲ್ಲಿರಲಿ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅಮೆರಿಕದ 1918ರ ವಲಸೆ ಹಕ್ಕಿಗಳ ಕಾಯ್ದೆ, ಬ್ರಿಟನ್ನಿನ 1981ರ ಕಾಯ್ದೆ, ಹೀಗೆ ಹಲವು ದೇಶಗಳಲ್ಲಿ ಕಾಡುಹಕ್ಕಿಯ ಮೊಟ್ಟೆ, ಗೂಡು ಹಾಳುಮಾಡುವುದು ಅಪರಾಧ. ಬ್ರಿಟನ್ನಿನಲ್ಲಿ ಗೂಡು ಕಟ್ಟುತ್ತಿರುವಾಗ ಕೀಳುವುದೂ ತಪ್ಪೇ. ಯಾವ ಹಕ್ಕಿಗೆ ರಕ್ಷಣೆ ಇದೆ, ಯಾವುದಕ್ಕೆ ಇಲ್ಲ ಅನ್ನೋದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಗುಬ್ಬಿಯೂ ಪೇಟೆ ಪಾರಿವಾಳವೂ ಹೊರಗಿನಿಂದ ಬಂದ ಹಕ್ಕಿಗಳಾದ್ದರಿಂದ ಆ ಕಾಯ್ದೆಯ ಹೊರಗಿವೆ. ನೀವಿರುವ ಕಡೆ ಏನಿದೆ ಅಂತ ಅರಣ್ಯ ಅಥವಾ ವನ್ಯಜೀವಿ ಇಲಾಖೆಯನ್ನು ಒಮ್ಮೆ ಕೇಳಿ.

ಮೊಟ್ಟೆ ಇದೆ, ಹಕ್ಕಿ ಕಾಣುತ್ತಿಲ್ಲ

ಜನ ಹೆಚ್ಚಾಗಿ ಎಡವುವುದು ಇಲ್ಲೇ. ಎರಡು ಮೊಟ್ಟೆ ಇವೆ, ಮುಟ್ಟಿದರೆ ತಣ್ಣಗಿವೆ, ತಾಯಿ ಇಲ್ಲ, ಪಾಪ ಬಿಟ್ಟುಹೋಗಿದೆ ಅಂದುಕೊಳ್ಳುತ್ತೇವೆ. ಆದರೆ ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ದಿನಕ್ಕೊಂದು ಮೊಟ್ಟೆ ಇಟ್ಟು, ಕೊನೆಯದ್ದೋ ಅದಕ್ಕೆ ಹಿಂದಿನದ್ದೋ ಬಿದ್ದ ಮೇಲೇ ಕಾವಿಗೆ ಕೂರುತ್ತವೆ. ಎಲ್ಲ ಮರಿಯೂ ಒಟ್ಟಿಗೆ ಹೊರಬರಲಿ ಅಂತ ಈ ಏರ್ಪಾಡು. ಅಲ್ಲಿವರೆಗೆ ಮೊಟ್ಟೆ ತಣ್ಣಗೇ ಇರುತ್ತವೆ, ಅವುಗಳಿಗೆ ಏನೂ ಆಗುವುದಿಲ್ಲ. ಗೂಬೆ ಬೇರೆ ಥರ, ಮೊದಲ ಮೊಟ್ಟೆಯಿಂದಲೇ ಕೂರುತ್ತದೆ, ಹಾಗಾಗಿ ಅದರ ಗೂಡಿನಲ್ಲಿ ದೊಡ್ಡದು ಚಿಕ್ಕದು ಅಂತ ಮೆಟ್ಟಿಲಿನ ಹಾಗೆ ಮರಿಗಳಿರುತ್ತವೆ.

ಅನುಮಾನ ಇದ್ದರೆ ದೂರದಿಂದ, ಕಿಟಕಿ ಒಳಗಿಂದ ಒಂದೆರಡು ಗಂಟೆ ನೋಡಿ. ನೀವು ಪಕ್ಕದಲ್ಲೇ ನಿಂತಿದ್ದರೆ ಅದು ಬರುವುದೇ ಇಲ್ಲ ಅಲ್ವಾ? ಮೊಟ್ಟೆಯನ್ನು ಮನೆಗೆ ತಂದು ಬಲ್ಬಿನ ಕೆಳಗೆ ಇಡುವ ಪ್ರಯೋಗ ಬೇಡ. ಸರಿಯಾದ ಬಿಸಿ, ತೇವ, ಆಗಾಗ ಹೊರಳಿಸುವುದು, ಒಡೆದ ಮೇಲೆ ಬೆಳಗಿಂದ ಸಂಜೆವರೆಗೆ ನಿಮಿಷಗಳ ಲೆಕ್ಕದಲ್ಲಿ ಊಟ, ಇದೆಲ್ಲ ಮನೆಯಲ್ಲಿ ಆಗದ ಕೆಲಸ.

ಗೂಡನ್ನು ಬೇರೆ ಕಡೆ ಇಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಸಾಮಾನ್ಯವಾಗಿ ಬೇಡ. ಹಕ್ಕಿ ನೆನಪಿಟ್ಟುಕೊಳ್ಳುವುದು ಜಾಗವನ್ನು, ಗೂಡನ್ನಲ್ಲ. ಬಾಲ್ಕನಿಯ ಈ ಮೂಲೆಯಿಂದ ಆ ಮೂಲೆಗೆ ಇಟ್ಟರೂ ಖಾಲಿ ಜಾಗಕ್ಕೆ ಬಂದು ಕೂತು ತಡಕಾಡಿ, ಪಕ್ಕದಲ್ಲೇ ಇರುವ ಮೊಟ್ಟೆ ಬಿಟ್ಟು ಹೋಗುವುದುಂಟು. ಗೂಡು ತಾನಾಗೇ ಕಳಚಿ ಬಿದ್ದಿದ್ದರೆ ಮಾತ್ರ, ತಳದಲ್ಲಿ ತೂತಿರುವ ಸಣ್ಣ ಬುಟ್ಟಿಯಲ್ಲಿ ಅದನ್ನು ಕೂರಿಸಿ, ಮೊದಲಿದ್ದ ಜಾಗಕ್ಕೆ ಆದಷ್ಟು ಹತ್ತಿರ ಗಟ್ಟಿಯಾಗಿ ಕಟ್ಟಿ.

ಮರಿ ಇರುವಾಗ ಏನು ಮಾಡಬಾರದು

ಮನೆಯ ಓಡಾಟ ನಿಲ್ಲಿಸಬೇಕಾಗಿಲ್ಲ. ಜನ ಓಡಾಡುವ ಜಾಗದಲ್ಲಿ ಗೂಡು ಮಾಡಿದ ಹಕ್ಕಿಗೆ ಜನ ಅಭ್ಯಾಸ. ಅದಕ್ಕೆ ಆಗದ್ದು ಒಮ್ಮೆಲೇ ಹತ್ತಿರ ಬಂದು ನಿಲ್ಲುವ ಮುಖ, ಫ್ಲ್ಯಾಶ್, ಸೆಲ್ಫಿ ಸ್ಟಿಕ್ಕು. ಪದೇ ಪದೇ ಹೋದರೆ ಕಾಗೆಗೂ ಬೆಕ್ಕಿಗೂ ನೀವೇ ದಾರಿ ತೋರಿಸಿದಂತೆ.

ಕೊನೆಯ ದಿನಗಳಲ್ಲಿ ಇನ್ನೂ ದೂರ ಇರಿ. ಮೈತುಂಬ ಗರಿ ಬಂದು, ರೆಕ್ಕೆ ಪೂರ್ತಿ ಬಲಿಯದ ಹೊತ್ತಿನಲ್ಲಿ ಮರಿಗಳು ಹೆದರಿದರೆ ಗೂಡಿನಿಂದ ಹಾರಿಬಿಡುತ್ತವೆ. ಹಾಗೆ ಹೊರಬಿದ್ದದ್ದು ವಾಪಸ್ ಇಟ್ಟರೂ ನಿಲ್ಲುವುದಿಲ್ಲ. "ಇವತ್ತು ಎಷ್ಟು ಮುದ್ದಾಗಿ ಕಾಣ್ತಿವೆ" ಅನ್ನಿಸುವ ದಿನವೇ ಹತ್ತಿರ ಹೋಗಬಾರದ ದಿನ.

ಗೂಡು ರೂಮಿನೊಳಗೆ ಇದ್ದರೆ ಫ್ಯಾನ್ ಹಾಕಬೇಡಿ, ಹಾಕಲೇಬೇಕಾದರೆ ಟೇಬಲ್ ಫ್ಯಾನಿಗೆ ಜಾಲರಿ ಇರುವುದು ನೋಡಿಕೊಳ್ಳಿ. ಹೋಗಿಬರುವ ಕಿಟಕಿ ಬೆಳಗಿನಿಂದ ಸಂಜೆವರೆಗೆ ತೆಗೆದಿರಲಿ. ಹಿಕ್ಕೆ ಬೀಳುವುದು ಕಷ್ಟವಾದರೆ ಕೆಳಗೆ ಪೇಪರ್ ಹಾಸಿ, ಅಥವಾ ಗೋಡೆಗೆ ಒಂದು ಹಲಗೆ ಹೊಡೆಯಿರಿ. ಹಲಗೆ ಗೂಡಿಗೆ ತೀರಾ ಹತ್ತಿರ ಬೇಡ, ಕಾಗೆ ಅದರ ಮೇಲೆ ನಿಂತು ಗೂಡಿಗೆ ಕೈ ಹಾಕುತ್ತದೆ.

ಕಾಯಲು ಆಗದ ಸಂದರ್ಭಗಳೂ ಇವೆ. ಗ್ಯಾಸ್ ಗೀಸರಿನ ಹೊಗೆ ಪೈಪಿಗೆ ಗೂಡು ಅಡ್ಡ ಬಂದಿದ್ದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬಿ ಜೀವಕ್ಕೇ ಕುತ್ತು. ಗೀಸರ್ ಆ ಕ್ಷಣದಿಂದಲೇ ಬಂದ್ ಮಾಡಿ. ಕೆಲವು ವಾರ ಅದಿಲ್ಲದೆ ಸಾಗುತ್ತದೆ ಅಂದರೆ ಹಕ್ಕಿಯೂ ಉಳಿಯುತ್ತದೆ, ಸಾಗುವುದಿಲ್ಲ ಅಂದರೆ ವನ್ಯಜೀವಿ ರಕ್ಷಣೆಯವರನ್ನು ಕರೆಯಿರಿ. ಮೀಟರ್ ಬೋರ್ಡು, ಟ್ರಾನ್ಸ್‌ಫಾರ್ಮರ್, ವಿದ್ಯುತ್ ಕಂಬದ ಗೂಡಿಗೆ ನೀವು ಕೈ ಹಾಕಲೇಬೇಡಿ, ಅದು ವಿದ್ಯುತ್ ಇಲಾಖೆಯವರ ಕೆಲಸ. ಯುರೋಪಿನಲ್ಲಿ ಬಿಳಿ ಕೊಕ್ಕರೆಗಳು ಕಂಬದ ಮೇಲೆ ಗೂಡು ಕಟ್ಟುವ ಕಡೆಗಳಲ್ಲಿ ತಂತಿಗಿಂತ ಎತ್ತರಕ್ಕೆ ಒಂದು ವೇದಿಕೆ ಮಾಡಿಕೊಡುತ್ತಾರೆ, ಹಕ್ಕಿಯೂ ಸುಡುವುದಿಲ್ಲ, ಕರೆಂಟೂ ಹೋಗುವುದಿಲ್ಲ.

ಕಟ್ಟಡಕ್ಕೆ ಸಾರ್ವೆ ಕಟ್ಟಿ ಪೇಂಟ್ ಮಾಡಿಸುವವರಿಗೆ ಒಂದು ಮಾತು. ಹಸಿರು ಪರದೆ ಇಳಿಬಿಡುವ ಮುಂಚೆ ಸೂರಿನ ಕೆಳಗೆ ಒಮ್ಮೆ ನೋಡಿ. ಪರದೆ ಹಾಕಿದ ಮೇಲೆ ಬಾನಾಡಿಗಳಿಗೆ ಗೂಡಿಗೆ ಹೋಗುವ ದಾರಿಯೇ ಇರುವುದಿಲ್ಲ, ಮರಿ ಒಳಗೇ ಹಸಿದು ಸಾಯುತ್ತವೆ. ಅವು ವರ್ಷವರ್ಷ ಅದೇ ಸಂದಿಗೆ ಬರುತ್ತವೆ. ಹಾಗಾಗಿ ರಿಪೇರಿ ಮಾಡುವಾಗ ಆ ಸಂದಿಗಳಿಗೆ ಸಿಮೆಂಟ್ ಮೆತ್ತದೆ ಬಿಟ್ಟರೆ ಒಳ್ಳೆಯದು.

ಮರಿ ಕೆಳಗೆ ಬಿದ್ದಿದೆ

ಗರಿ ಇಲ್ಲ, ಚರ್ಮ ಕಾಣುತ್ತಿದೆ, ಕಣ್ಣು ಮುಚ್ಚಿದೆ ಅಂದರೆ ಅದು ಗೂಡಿಗೇ ಹೋಗಬೇಕು. ಎತ್ತಿ ವಾಪಸ್ ಇಡಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನೋದು ಹಳೆಯ ನಂಬಿಕೆ, ನಿಜ ಅಲ್ಲ. ವಾಸನೆ ಹಿಡಿದು ಮರಿಯನ್ನು ತಳ್ಳಿಬಿಡುವ ಹಕ್ಕಿಗಳಲ್ಲ ಇವು.

ಗರಿ ಬಂದಿದೆ, ಬಾಲ ಮೋಟು, ನೆಲದ ಮೇಲೆ ಕುಪ್ಪಳಿಸುತ್ತಿದೆ ಅಂದರೆ ಬಿದ್ದದ್ದಲ್ಲ, ಹಾರಲು ಕಲಿಯುತ್ತಿದೆ. ಅಪ್ಪ ಅಮ್ಮ ಹತ್ತಿರದಲ್ಲೇ ಇದ್ದು ಊಟ ಕೊಡುತ್ತಿರುತ್ತವೆ. ನಾಯಿ ಬೆಕ್ಕನ್ನು ಒಳಗೆ ಕೂಡಿಹಾಕಿ, ರಸ್ತೆಯಲ್ಲಿದ್ದರೆ ಪಕ್ಕದ ಗಿಡದ ಬುಡಕ್ಕೆ ಸರಿಸಿ, ಹೊರಟುಬಿಡಿ. ಒಳ್ಳೆಯ ಮನಸ್ಸಿನವರು ಹಕ್ಕಿ ಮರಿ "ಕಾಪಾಡಿ" ಮನೆಗೆ ತರುವುದರಲ್ಲಿ ಹೆಚ್ಚಿನವು ಇಂಥವೇ.

ಬಾನಾಡಿ ಮಾತ್ರ ಬೇರೆ. ಅದರ ಕಾಲು ತೀರಾ ಗಿಡ್ಡ, ನೆಲದಿಂದ ಮೇಲೇಳುವುದು ಬಹಳ ಕಷ್ಟ. ಯುರೋಪಿನ ಬಾನಾಡಿಗಳಲ್ಲಿ ಕೆಲವು ಹತ್ತು ತಿಂಗಳು ಎಲ್ಲೂ ಕೂರದೆ ಹಾರುತ್ತವೆ ಅಂತ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದರು, ಅಂಥದ್ದಕ್ಕೆ ನೆಲದ ಮೇಲೆ ಏನು ಕೆಲಸ? ಬಿದ್ದದ್ದು ಕಂಡರೆ ಗಾಳಿ ಆಡುವ ಪೆಟ್ಟಿಗೆಯಲ್ಲಿಟ್ಟು ಹಕ್ಕಿ ರಕ್ಷಣಾ ಕೇಂದ್ರಕ್ಕೆ ಕೊಡಿ. ಆಕಾಶಕ್ಕೆ ಎಸೆಯಬೇಡಿ, ಪೆಟ್ಟಾಗಿದ್ದರೆ ಕಲ್ಲಿನ ಹಾಗೆ ಕೆಳಗೆ ಬರುತ್ತದೆ.

ಯಾವ ಮರಿಗೂ ಹಾಲು, ಬ್ರೆಡ್ಡು ಬೇಡ. ಬಾಯಿಗೆ ನೀರು ಹನಿಸುವುದಂತೂ ಬೇಡವೇ ಬೇಡ, ಶ್ವಾಸಕ್ಕೆ ಹೋಗಿ ಸಾಯುತ್ತದೆ.

ಖಾಲಿ ಆದ ಮೇಲೆ

ಕೊನೆಯ ಮರಿ ಹಾರಿ ಒಂದೆರಡು ದಿನ ಕಾಯಿರಿ, ಕೆಲವು ರಾತ್ರಿ ಮಲಗಲು ವಾಪಸ್ ಬರುತ್ತವೆ. ಆಮೇಲೆ ತಡ ಬೇಡ, ಗೂಡಿನಲ್ಲಿದ್ದ ಉಣ್ಣಿ, ನುಸಿ ರಕ್ತ ಸಿಗದೆ ಮನೆಯೊಳಗೆ ಹೊರಡುತ್ತವೆ. ಪಾರಿವಾಳದ ಜೊತೆ ಇನ್ನೂ ಚುರುಕಾಗಿರಬೇಕು. ಅದು ಮರಿಗೆ ತನ್ನ ಗಂಟಲ ಚೀಲದಲ್ಲಿ ಉತ್ಪತ್ತಿಯಾಗುವ ಒಂಥರಾ ಹಾಲು ಕುಡಿಸುತ್ತದೆ, ಹುಳುಗಳ ಕಾಲ ಬರಲಿ ಅಂತ ಕಾಯಬೇಕಿಲ್ಲ. ಹಾಗಾಗಿ ವರ್ಷದ ಯಾವ ತಿಂಗಳಾದರೂ ಸರಿ, ಹಳೆಯ ಮರಿ ಇನ್ನೂ ಅಲ್ಲೇ ಇರುವಾಗಲೇ ಹೊಸ ಮೊಟ್ಟೆ ಇಟ್ಟುಬಿಡುವುದೂ ಉಂಟು. "ಇದು ಮುಗಿಯೋದೇ ಇಲ್ಲ" ಅಂತ ಜನ ಸೋಲುವುದು ಇದಕ್ಕೇ.

ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ. ಧೂಳಾಗಿ ಎದ್ದು ಶ್ವಾಸಕೋಶಕ್ಕೆ ಹೋದರೆ ಹಿಸ್ಟೊಪ್ಲಾಸ್ಮೋಸಿಸ್, ಕ್ರಿಪ್ಟೊಕಾಕಸ್ ಸೋಂಕು, ಸಿಟಕೋಸಿಸ್ ಥರದ ಕಾಯಿಲೆ ಬರಬಹುದು. ಎನ್-95 ಮಾಸ್ಕು, ಗ್ಲೌಸು ಹಾಕಿ, ಸೋಪು ನೀರು ಚಿಮುಕಿಸಿ ಚೆನ್ನಾಗಿ ನೆನೆಸಿ, ಕೆರೆದು, ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಆಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಈ ಕೆಲಸ ಬೇರೆಯವರಿಗೆ ಬಿಡಿ. ಅಂಬರಗುಬ್ಬಿ, ಬಾನಾಡಿ ಗೂಡುಗಳನ್ನು ಮಾತ್ರ ಕೀಳಬೇಡಿ, ಮುಂದಿನ ಸಲ ಅದನ್ನೇ ಬಳಸುತ್ತವೆ.

ಕಿತ್ತ ಗೂಡನ್ನು ಒಮ್ಮೆ ಬಿಡಿಸಿ ನೋಡಿ, ಮಜಾ ಇರುತ್ತದೆ. ಮೆಕ್ಸಿಕೋ ಸಿಟಿಯ ಗುಬ್ಬಿಗಳು ಸೇದಿ ಬಿಸಾಕಿದ ಸಿಗರೇಟ್ ತುಂಡುಗಳನ್ನು ಗೂಡಿಗೆ ಸೇರಿಸುತ್ತವೆ, ಅಂಥ ಗೂಡುಗಳಲ್ಲಿ ನುಸಿ ಕಡಿಮೆ ಇರುವುದನ್ನು ಅಲ್ಲಿನ ಸಂಶೋಧಕರು ಕಂಡರು. ದಾರ, ಗಾಳಿಪಟದ ನೂಲು, ಉದ್ದ ಕೂದಲು ಸಿಕ್ಕರೆ ಮಾತ್ರ ಬೇಜಾರಾಗುತ್ತದೆ. ಮರಿಯ ಕಾಲಿಗೆ ಸುತ್ತಿಕೊಂಡು ಕಾಲೇ ಹೋಗುವಷ್ಟು ಬಿಗಿಯುತ್ತವೆ. ಇಂಥವನ್ನು ಹೊರಗೆ ಬಿಸಾಕುವಾಗ ತುಂಡು ತುಂಡು ಮಾಡಿ ಹಾಕಿ.

ಮತ್ತೆ ಬರದಿರಲು

ಮೊದಲು ದುಡ್ಡು ದಂಡವಾಗುವ ವಸ್ತುಗಳು. ಅಲ್ಟ್ರಾಸಾನಿಕ್ ಯಂತ್ರ ವೇಸ್ಟು, ಆ ಸದ್ದು ಹಕ್ಕಿಗಳಿಗೆ ಕೇಳಿಸುವುದೇ ಇಲ್ಲ. ಪ್ಲಾಸ್ಟಿಕ್ ಗೂಬೆಯನ್ನು ಕೆಲವೇ ದಿನದಲ್ಲಿ ಗುರುತು ಹಿಡಿದು ಅದರ ತಲೆ ಮೇಲೇ ಕೂರುತ್ತವೆ. ಅಂಟು ಜೆಲ್ ಹಚ್ಚುವುದು ಬರೀ ಕ್ರೌರ್ಯ, ಸಣ್ಣ ಹಕ್ಕಿಗಳ ಗರಿ ಅಂಟಿಕೊಂಡು ಅವು ಹಾರಲಾರದೆ ಸಾಯುತ್ತವೆ. ಮುಳ್ಳುಪಟ್ಟಿ ಪಾರಿವಾಳ ಕೂರುವುದನ್ನು ಸ್ವಲ್ಪ ತಡೆಯುತ್ತದೆ, ಆದರೆ ಮುಳ್ಳುಗಳ ನಡುವೆ ಕಡ್ಡಿ ಸಿಕ್ಕಿಸಿ ಗೂಡು ಇನ್ನೂ ಗಟ್ಟಿಯಾಗಿ ಕಟ್ಟಿದ್ದೂ ಇದೆ. ಬೆಲ್ಜಿಯಂನ ಆಂಟ್ವರ್ಪಿನಲ್ಲಿ ಕಾಗೆಯ ಜಾತಿಗೆ ಸೇರಿದ ಒಂದು ಮ್ಯಾಗ್‌ಪೈ ಜೋಡಿ ಕಟ್ಟಡದ ಮುಳ್ಳುಪಟ್ಟಿಗಳನ್ನೇ ಕಿತ್ತು ಗೂಡು ಕಟ್ಟಿತ್ತು, ಅದರಲ್ಲಿ ಸುಮಾರು 1,500 ಮುಳ್ಳುಗಳಿದ್ದವು ಅಂತ 2023ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ವರದಿ ಮಾಡಿದರು. ಹಕ್ಕಿ ಓಡಿಸಲು ಹಾಕಿದ್ದು ಹಕ್ಕಿ ಗೂಡಿಗೆ ಬೇಲಿ ಆಯಿತು!

ಕೆಲಸ ಮಾಡುವುದು ಜಾಗದ ಆಕಾರ ಬದಲಿಸುವುದು. ಕಟ್ಟೆಯ ಮೇಲೆ 45 ಡಿಗ್ರಿಗಿಂತ ಹೆಚ್ಚು ಇಳಿಜಾರಾಗಿ ಒಂದು ನುಣುಪಾದ ಹಲಗೆಯೋ ತಗಡೋ ಕೂರಿಸಿದರೆ ಪಾರಿವಾಳಕ್ಕೆ ಕಾಲೂರಲು ಆಗುವುದಿಲ್ಲ, ಕಡ್ಡಿಯೂ ನಿಲ್ಲುವುದಿಲ್ಲ. ಅಗ್ಗ, ವರ್ಷಗಟ್ಟಲೆ ಬಾಳಿಕೆ, ಯಾರಿಗೂ ಗಾಯವಿಲ್ಲ, ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಬಲೆ ಹಾಕುವುದಾದರೆ ಪಾರಿವಾಳಕ್ಕೆ 50 ಮಿಲಿಮೀಟರ್ ಕಣ್ಣು, ಗುಬ್ಬಿಯನ್ನೂ ತಡೆಯಬೇಕಾದರೆ 19 ಮಿಲಿಮೀಟರ್. ಬಿಗಿಯಾಗಿ ಎಳೆದು ನಾಲ್ಕೂ ಅಂಚು ಕಟ್ಟಬೇಕು. ಜೋಲುಬಿದ್ದ, ಹರಿದ ಬಲೆಯಲ್ಲಿ ಹಕ್ಕಿ ಸಿಕ್ಕಿಕೊಂಡು ಒದ್ದಾಡುತ್ತದೆ. ಹಾಕುವ ಮುಂಚೆ ಒಳಗೆ ಮೊಟ್ಟೆ, ಮರಿ ಇಲ್ಲವೇ ಅಂತ ಕುಂಡದ ಹಿಂದೆಯೂ ನೋಡಿ. ಎಕ್ಸಾಸ್ಟ್ ತೂತಿಗೆ ಜಾಲರಿ ಅಥವಾ ತಾನಾಗೇ ಮುಚ್ಚುವ ಮುಚ್ಚಳ ಸಾಕು.

ಹದ್ದು, ಕಾಗೆ ತಲೆಗೆ ಎರಗುವುದು ಮರಿ ಇರುವ ಕೆಲವು ವಾರ ಮಾತ್ರ. ಅಷ್ಟು ದಿನ ಬೇರೆ ದಾರಿ ಹಿಡಿಯಿರಿ, ಆಗದಿದ್ದರೆ ಕೊಡೆ ಬಿಚ್ಚಿ ನಡೆಯಿರಿ. ಹೆಚ್ಚಾಗಿ ಹಿಂದಿನಿಂದ ಬರುತ್ತವೆ.

ಬರಲಿ ಅಂತ ಇದ್ದರೆ

ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಜಾಗ ಕೊಡುವುದು ಚೆಂದ, ಹೊಸ ಕಟ್ಟಡಗಳಲ್ಲಿ ಸಂದಿ ಅನ್ನೋದೇ ಇಲ್ಲ. ಗುಬ್ಬಿಗೆ ಮರದ ಪೆಟ್ಟಿಗೆ ಮಾಡಿ, 32 ಮಿಲಿಮೀಟರ್ ತೂತು, ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳು, ಬಿಸಿಲು ನೇರ ಬೀಳದ ಗೋಡೆ. ಮುಂದೆ ಕೂರಲು ಕಡ್ಡಿ ಬೇಡ, ಗುಬ್ಬಿಗೆ ಅದು ಬೇಕಿಲ್ಲ, ಕಾಗೆಗೆ ಅನುಕೂಲ. ಗುಬ್ಬಿಗಳಿಗೆ ಗುಂಪು ಇಷ್ಟ, ಎರಡು ಮೂರು ಪೆಟ್ಟಿಗೆ ಹತ್ತಿರ ಹತ್ತಿರ ಇರಲಿ. ಒಳಗೆ ಹುಲ್ಲು ಹತ್ತಿ ಏನೂ ತುಂಬಬೇಡಿ, ಅದು ಅವುಗಳ ಕೆಲಸ.

ಬಾನಾಡಿ ಪೆಟ್ಟಿಗೆಗೆ ಸುಮಾರು 65 ಮಿಲಿಮೀಟರ್ ಅಗಲ, 28 ಮಿಲಿಮೀಟರ್ ಎತ್ತರದ ಸೀಳು. ಐದು ಮೀಟರಿಗಿಂತ ಮೇಲೆ ಸೂರಿನಡಿ ಹೊಡೆಯಿರಿ. ಕೆಳಗೆ ವೈರು, ಮರ ಅಡ್ಡ ಇರಬಾರದು, ಅವು ಹೊರಬರುವಾಗ ಮೊದಲು ಕೆಳಕ್ಕೆ ಬಿದ್ದು ಆಮೇಲೆ ಹಾರುತ್ತವೆ. ಅವುಗಳ ಕೂಗನ್ನು ರೆಕಾರ್ಡ್ ಮಾಡಿದ್ದು ಸಿಕ್ಕರೆ ಗೂಡಿನ ಕಾಲದಲ್ಲಿ ಬೆಳಗ್ಗೆ, ಸಂಜೆ ಪೆಟ್ಟಿಗೆಯ ಪಕ್ಕ ಸ್ವಲ್ಪ ಹೊತ್ತು ಹಾಕಿ. ಮೊದಲ ವರ್ಷ ಬರದಿದ್ದರೆ ಪೆಟ್ಟಿಗೆ ಕಿತ್ತು ಜಾಗ ಬದಲಿಸಬೇಡಿ, ಹೊಸ ಜೋಡಿ ಒಂದು ವರ್ಷ ಬರೀ ಸಂದಿ ನೋಡಿಕೊಂಡು ಹೋಗಿ ಮರುವರ್ಷ ಗೂಡು ಮಾಡುವುದು ಮಾಮೂಲು.